ಮುರಕಲ್ಲಿನ ಮನೆಗೆ ಮೆಶ್ ವೈ-ಫೈ: ಮೂರು ಮಳೆಗಾಲಗಳ ಬಳಕೆಯ ಬಳಿಕ

ಉಡುಪಿ ಕಡೆಯ ಹಳೆಯ ಮನೆಗಳಲ್ಲಿ ವೈ-ಫೈ ಎಲ್ಲ ಕೋಣೆಗಳಿಗೂ ತಲುಪದಿದ್ದರೆ ಸಾಮಾನ್ಯವಾಗಿ ದೋಷ ಇಂಟರ್ನೆಟ್ ಸಂಪರ್ಕದ್ದಲ್ಲ, ಗೋಡೆಯದು. ನಮ್ಮ ಮನೆಯ ಹಳೆಯ ಭಾಗದ ಗೋಡೆಗಳು ಮುರಕಲ್ಲಿನವು, ಒಂದು ಅಡಿಗಿಂತ ದಪ್ಪ. ಅದಕ್ಕೆ ತಾಗಿಸಿ ನಂತರ ಕಟ್ಟಿದ ಭಾಗಕ್ಕೆ ಕಾಂಕ್ರೀಟಿನ ತಾರಸಿಯಿದ್ದು, ಅದರ ಮೇಲೆ ಎರಡು ಕೋಣೆಗಳಿವೆ. ಫೈಬರ್ ಸಂಪರ್ಕ ಬಂದು ಸೇರುವ ಮೋಡೆಮ್ ಚಾವಡಿಯ ಮೂಲೆಯಲ್ಲಿದೆ. 200 ಎಂಬಿಪಿಎಸ್ ಯೋಜನೆಯ ಪೂರ್ಣ ವೇಗ ಚಾವಡಿಯಲ್ಲಿ ಸಿಗುತ್ತಿತ್ತು, ಎರಡು ಗೋಡೆ ದಾಟಿದ ಅಡುಗೆಮನೆಯಲ್ಲಿ ಹತ್ತು ಎಂಬಿಪಿಎಸ್ ಕೂಡ ಸಿಗುತ್ತಿರಲಿಲ್ಲ, ಮೇಲಿನ ಕೋಣೆಗಳಲ್ಲಿ ಸಂಪರ್ಕವೇ ಇರಲಿಲ್ಲ. ಮುರಕಲ್ಲು ಸಣ್ಣ ಸಣ್ಣ ರಂಧ್ರಗಳಿರುವ ಕಲ್ಲಾದ್ದರಿಂದ ಮಳೆಗಾಲದಲ್ಲಿ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರಿನ ಅಂಶ ರೇಡಿಯೊ ಅಲೆಗಳನ್ನು ಹೀರುತ್ತದೆ. ಜನವರಿಯಲ್ಲಿ ಅಳೆದು ಸಾಕೆನಿಸಿದ ಸಿಗ್ನಲ್ ಜುಲೈಯಲ್ಲಿ ಸಾಲದೆ ಹೋಗಬಹುದು. ಈ ವಿಮರ್ಶೆಯನ್ನು ಇಷ್ಟು ತಡವಾಗಿ ಬರೆಯಲು ಇದೇ ಕಾರಣ.

ಕೊಂಡದ್ದು ಮೂರು ಘಟಕಗಳ ಮೆಶ್ ಸೆಟ್, ಅಂದರೆ ಬೇರೆ ಬೇರೆ ಕಡೆ ಇಟ್ಟ ಘಟಕಗಳು ಸೇರಿ ಒಂದೇ ವೈ-ಫೈ ಜಾಲವಾಗುವ ವ್ಯವಸ್ಥೆ: ವೈ-ಫೈ 6, ಎರಡು ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್‌ನ ರೇಡಿಯೊ ಪಟ್ಟಿಗಳು), ಪೆಟ್ಟಿಗೆಯ ಮೇಲೆ ‘ಎಎಕ್ಸ್ 1800’ ಎಂಬ ಗುರುತು, ಪ್ರತಿ ಘಟಕದ ಹಿಂದೆ ಎರಡು ಗಿಗಾಬಿಟ್ ಪೋರ್ಟ್‌ಗಳು. ತಯಾರಕರ ಹೆಸರನ್ನು ಬೇಕೆಂದೇ ಬರೆದಿಲ್ಲ; ಈ ದರ್ಜೆಯ ಸೆಟ್‌ಗಳನ್ನು ಹಲವು ಕಂಪನಿಗಳು ಮಾರುತ್ತವೆ, ನಾನು ಹೇಳಬೇಕಾದದ್ದು ಕೂಡ ಹೆಸರಿಗಿಂತ ಜೋಡಣೆಗೆ ಸಂಬಂಧಿಸಿದ್ದು. ಅಂದಹಾಗೆ, ಆ 1800 ಎಂಬ ಸಂಖ್ಯೆ 2.4 ಗಿಗಾಹರ್ಟ್ಸ್‌ನ 574 ಮತ್ತು 5 ಗಿಗಾಹರ್ಟ್ಸ್‌ನ 1201 ಎಂಬಿಪಿಎಸ್‌ಗಳನ್ನು ಕೂಡಿಸಿ ದುಂಡಾಗಿಸಿದ್ದು. ಎರಡೂ ಕಾಗದದ ಮೇಲಿನ ಗರಿಷ್ಠ ವೇಗಗಳು. ಯಾವ ಫೋನಿಗೂ ಆ ಮೊತ್ತ ಸಿಗುವುದಿಲ್ಲ.

ಮೊದಲ ವರ್ಷ ಘಟಕಗಳ ನಡುವಿನ ಸಂಪರ್ಕವೂ ನಿಸ್ತಂತುವಾಗಿಯೇ ಇತ್ತು, ಏಕೆಂದರೆ ಗೋಡೆಗೆ ಬಣ್ಣ ಬಳಿಸುವ ಮೊದಲು ಕೇಬಲ್ ಎಳೆಯಲು ಪೈಪ್ ಹಾಕಿಸುವ ಯೋಚನೆ ಇದ್ದು, ಆ ಕೆಲಸ ಮುಂದಕ್ಕೆ ಹೋಗಿತ್ತು. ಈ ಸ್ಥಿತಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಘಟಕವನ್ನು ಇಡುವ ಜಾಗ. ಸಿಗ್ನಲ್ ಸತ್ತಿರುವ ಕೋಣೆಯಲ್ಲೇ ಎರಡನೆಯ ಘಟಕವನ್ನು ಇಟ್ಟರೆ ಫೋನಿನಲ್ಲಿ ಗುರುತಿನ ಗೆರೆಗಳೆಲ್ಲ ತುಂಬಿರುತ್ತವೆ, ವೇಗ ಮಾತ್ರ ಇರುವುದಿಲ್ಲ. ಆ ಘಟಕಕ್ಕೇ ಬಾರದ್ದನ್ನು ಅದು ಫೋನಿಗೆ ಎಲ್ಲಿಂದ ಕೊಡಬೇಕು? ಮೊದಲ ಘಟಕದ ಸಿಗ್ನಲ್ ಇನ್ನೂ ಚೆನ್ನಾಗಿ ತಲುಪುವ ಕಡೆ, ಅಂದರೆ ಫೋನಿನ ಉಚಿತ ವೈ-ಫೈ ಅನಲೈಸರ್ ಆ್ಯಪ್‌ನಲ್ಲಿ ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಅಥವಾ ಅದಕ್ಕಿಂತ ಉತ್ತಮ ಅಂಕಿ ಕಾಣಿಸುವ ಕಡೆ, ಮುಂದಿನದನ್ನು ಇಡಬೇಕು. ನಮ್ಮಲ್ಲಿ ಆ ಜಾಗ ಚಾವಡಿಯಿಂದ ಒಳಗೆ ಹೋಗುವ ಬಾಗಿಲಿನ ನೇರಕ್ಕೆ ಸಿಕ್ಕಿತು. ಮರದ ಬಾಗಿಲು ಅಲೆಗಳಿಗೆ ಹೆಚ್ಚಿನ ಅಡ್ಡಿಯಲ್ಲ. ಕಬ್ಬಿಣದ ಕಪಾಟು ಮತ್ತು ದೊಡ್ಡ ಕನ್ನಡಿ ದೊಡ್ಡ ಅಡ್ಡಿಗಳು.

ಜಾಗ ಸರಿಯಾದರೂ ಎರಡು ಬ್ಯಾಂಡ್‌ನ ಸೆಟ್‌ಗಳಲ್ಲಿ ಒಂದು ಮಿತಿ ಉಳಿದೇ ಉಳಿಯುತ್ತದೆ. ಫೋನಿನೊಂದಿಗೆ ಮಾತನಾಡುವ 5 ಗಿಗಾಹರ್ಟ್ಸ್ ರೇಡಿಯೊವೇ ಹಿಂದಿನ ಘಟಕದೊಂದಿಗೂ ಮಾತನಾಡಬೇಕಾಗಿರುವುದರಿಂದ, ಒಂದು ಘಟಕದಿಂದ ಮುಂದಿನದಕ್ಕೆ ಹೋಗುವ ಪ್ರತಿ ಜಿಗಿತಕ್ಕೂ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೇಲಿನ ಕೋಣೆಯ ಮೂರನೆಯ ಘಟಕದ ಬಳಿ ಬೇಸಿಗೆಯಲ್ಲಿ 50 ಎಂಬಿಪಿಎಸ್ ಆಸುಪಾಸಿನಲ್ಲಿದ್ದ ವೇಗ ಜೋರು ಮಳೆಯ ವಾರಗಳಲ್ಲಿ 20ಕ್ಕೆ ಇಳಿದದ್ದಿದೆ. ವಿಡಿಯೊ ನೋಡಲು ಅದು ಸಾಕು. ಕಚೇರಿಯ ವಿಡಿಯೊ ಸಭೆಗಳಿಗೆ ಸಾಲದು, ಅಲ್ಲಿ ಒಟ್ಟು ವೇಗಕ್ಕಿಂತ ಮಾತು ತಡೆದು ತಡೆದು ಬರುವುದೇ ಹೆಚ್ಚಿನ ತೊಂದರೆ. ಘಟಕಗಳ ನಡುವಿನ ಸಂಪರ್ಕಕ್ಕೆ ಪ್ರತ್ಯೇಕ ರೇಡಿಯೊ ಇರುವ ಮೂರು ಬ್ಯಾಂಡ್‌ನ ಸೆಟ್‌ಗಳೂ ಸಿಗುತ್ತವೆ, ಬೆಲೆ ಹೆಚ್ಚು. ಆದರೆ ದಪ್ಪ ಗೋಡೆ ಆ ರೇಡಿಯೊಗೂ ದಪ್ಪ ಗೋಡೆಯೇ.

ಎರಡನೆಯ ವರ್ಷ ಬಣ್ಣದ ಕೆಲಸದ ಜೊತೆ ಮೂರೂ ಘಟಕಗಳಿಗೆ ತಂತಿ ಎಳೆಸಿದೆವು, ಈ ಸೆಟ್‌ನ ನಿಜವಾದ ಬೆಲೆ ತಿಳಿದದ್ದು ಆಗಲೇ. ಮೇಲಿನ ಕೋಣೆಯಲ್ಲೂ ಯೋಜನೆಯ ಪೂರ್ಣ 200 ಎಂಬಿಪಿಎಸ್ ಬಂತು. ಮಳೆಗೂ ಬಿಸಿಲಿಗೂ ವ್ಯತ್ಯಾಸ ಉಳಿಯಲಿಲ್ಲ. ತಂತಿಯ ವಿಷಯದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಅಂಗಡಿಗಳಲ್ಲಿ ಕ್ಯಾಟ್ 6 (ನೆಟ್‌ವರ್ಕ್ ಕೇಬಲ್‌ನ ಒಂದು ದರ್ಜೆ) ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಸಿಗುವ ಹಲವು ಕೇಬಲ್‌ಗಳು ಅಲ್ಯೂಮಿನಿಯಂ ಎಳೆಯ ಮೇಲೆ ತಾಮ್ರದ ಲೇಪ ಇರುವಂಥವು. ಇವು ಬೇಗ ಮುರಿಯುತ್ತವೆ, ಉದ್ದ ಹೆಚ್ಚಿದಂತೆ ನಂಬಿಕೆಗೆ ಅರ್ಹವಲ್ಲ. ಅಪ್ಪಟ ತಾಮ್ರದ್ದೇ ಬೇಕೆಂದು ಕೇಳಿ, ತುದಿಯ ಎಳೆಯನ್ನು ಕೆರೆದು ನೋಡಿ ಕೊಳ್ಳುವುದು ಒಳ್ಳೆಯದು: ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. ಎರಡನೆಯದಾಗಿ, ಗಿಗಾಬಿಟ್ ವೇಗಕ್ಕೆ ಕೇಬಲ್‌ನ ಎಂಟೂ ಎಳೆಗಳು ಸರಿಯಾಗಿ ಕೂಡಿರಬೇಕು. ಒಂದು ಎಳೆ ತಪ್ಪಿದರೂ ಸಂಪರ್ಕ ಕಡಿಯದೆ ಸದ್ದಿಲ್ಲದೆ 100 ಎಂಬಿಪಿಎಸ್‌ಗೆ ಇಳಿಯಬಹುದು. ಹಾಗಾಗಿ ಕೇಬಲ್‌ನ ತುದಿಗೆ ಕನೆಕ್ಟರ್ ಕೂರಿಸಿದವರು ಹೊರಡುವ ಮೊದಲೇ ಲ್ಯಾಪ್‌ಟಾಪ್ ಜೋಡಿಸಿ, ಲಿಂಕ್ ವೇಗ ಒಂದು ಗಿಗಾಬಿಟ್ ಎಂದು ತೋರಿಸುತ್ತಿದೆಯೇ ಎಂದು ನೋಡಿಕೊಳ್ಳಬೇಕು.

ಸಂಪರ್ಕ ಕೊಡುವವರ ಮೋಡೆಮ್ ತಾನೇ ರೂಟರ್ ಆಗಿಯೂ ಕೆಲಸ ಮಾಡುತ್ತಿರುತ್ತದೆ. ಮೆಶ್ ಕೂಡ ರೂಟರ್ ಆದರೆ ಸಾಧನಗಳ ಇಂಟರ್ನೆಟ್ ವಿಳಾಸ ಒಂದರ ಹಿಂದೆ ಒಂದರಂತೆ ಎರಡು ಬಾರಿ ಬದಲಾಗಿ, ಕ್ಯಾಮೆರಾ ಮತ್ತು ಆಟಗಳಂಥವುಗಳಿಗೆ ಅಡಚಣೆಯಾಗುತ್ತದೆ. ಮೆಶ್ಶನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿಟ್ಟು (ರೂಟರ್ ಕೆಲಸವನ್ನು ಮೋಡೆಮ್‌ಗೇ ಬಿಟ್ಟು ವೈ-ಫೈ ಮಾತ್ರ ಕೊಡುವ ಸ್ಥಿತಿ), ಮೋಡೆಮ್‌ನ ಸ್ವಂತ ವೈ-ಫೈಯನ್ನು ಆಫ್ ಮಾಡಿದರೆ ಸಾಕು.

ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುವಾಗ ಫೋನ್ ತಾನಾಗಿಯೇ ಹತ್ತಿರದ ಘಟಕಕ್ಕೆ ಬದಲಾಗುತ್ತದೆ ಎಂಬ ಜಾಹೀರಾತು ಬಹುಮಟ್ಟಿಗೆ ನಿಜ. ಆದರೆ ಬದಲಾಗುವ ತೀರ್ಮಾನ ಕೊನೆಗೂ ಫೋನಿನದೇ; ಮೆಶ್ ಸೂಚಿಸಬಲ್ಲದು, ಒತ್ತಾಯಿಸಿದರೆ ಸಂಪರ್ಕ ಕಡಿಯಬಹುದಷ್ಟೆ. ಹೊಸ ಫೋನುಗಳು ಕರೆ ನಡೆಯುತ್ತಿರುವಾಗಲೂ ಗೊತ್ತಾಗದಂತೆ ಬದಲಾಗುತ್ತವೆ. ಅಮ್ಮನ ಹಳೆಯ ಫೋನ್ ಮಾತ್ರ ಅಡುಗೆಮನೆಗೆ ಬಂದ ಮೇಲೂ ಚಾವಡಿಯ ಘಟಕವನ್ನೇ ಹಿಡಿದುಕೊಂಡಿರುತ್ತದೆ. ಪಂಪಿನ ವೈ-ಫೈ ಸ್ವಿಚ್‌ನಂಥ ಅಗ್ಗದ ಸಾಧನಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತಿರುವುದರಿಂದ, ಅವುಗಳನ್ನು ಸೇರಿಸುವಾಗ ಅತಿಥಿ ಜಾಲವನ್ನು ಆ ಬ್ಯಾಂಡ್‌ಗೆ ಮಾತ್ರ ಸೀಮಿತಗೊಳಿಸಿ ಬಳಸುತ್ತೇನೆ.

ಕರಾವಳಿಯಲ್ಲಿ ವಿದ್ಯುತ್ತು ಮತ್ತು ಸಿಡಿಲಿನ ಬಗ್ಗೆ ಯೋಚಿಸದೆ ಈ ವ್ಯವಸ್ಥೆ ಪೂರ್ತಿಯಾಗುವುದಿಲ್ಲ. ಕರೆಂಟು ಹೋದಾಗ ಮೋಡೆಮ್‌ಗೆ ಮಾತ್ರ ಬ್ಯಾಟರಿ ಇದ್ದರೆ ಪ್ರಯೋಜನವಿಲ್ಲ, ಮೆಶ್‌ನ ಘಟಕಗಳಿಗೂ ಬೇಕು. ಇನ್ವರ್ಟರ್ ಇಲ್ಲದವರಿಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್‌ಗಳು ಸಾಕಾಗುತ್ತವೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್‌ಗಳನ್ನು ಹೋಲಿಸಿ ನೋಡಬೇಕು. ಅಂಗಳದಾಚೆಯ ಕೊಟ್ಟಿಗೆಗೆ ಕ್ಯಾಮೆರಾ ಬೇಕಾದಾಗ ತಾಮ್ರದ ಕೇಬಲ್ ಬಿಟ್ಟು ಫೈಬರ್ ಎಳೆಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕಿನ ಸಂಕೇತವನ್ನು ತಾಮ್ರದ ಕೇಬಲ್‌ನ ಸಂಕೇತಕ್ಕೆ ಬದಲಿಸುವ ಪೆಟ್ಟಿಗೆ) ಹಾಕಿಸಿದೆ. ಏಪ್ರಿಲ್–ಮೇ ತಿಂಗಳ ಸಿಡಿಲು ಹತ್ತಿರದಲ್ಲೆಲ್ಲೋ ಬಡಿದರೂ ಬಯಲಿನ ತಾಮ್ರದ ತಂತಿಯಲ್ಲಿ ಪ್ರೇರಿತವಾಗುವ ವೋಲ್ಟೇಜು ಪೋರ್ಟ್‌ಗಳನ್ನು ಸುಡಬಲ್ಲದು. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆಧಾರಕ್ಕೆಂದು ಫೈಬರ್ ಜೊತೆ ಬರುವ ಉಕ್ಕಿನ ತಂತಿಯನ್ನು ಮಾತ್ರ ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು.

ದೂರುಗಳೂ ಇವೆ. ಆ್ಯಪ್ ತೆರೆಯಲು ಕಂಪನಿಯಲ್ಲಿ ಖಾತೆ ಇರಲೇಬೇಕು. ನನ್ನ ಮನೆಯ ಸಾಧನದ ಪಾಸ್‌ವರ್ಡ್ ಬದಲಿಸಲು ಹೊರಗಿನ ಸರ್ವರ್‌ನ ಅನುಮತಿ ಬೇಕಾಗಿರುವುದು ನನಗೆ ಒಪ್ಪಿಗೆಯಿಲ್ಲ. ಚಾನೆಲ್ (ಬ್ಯಾಂಡ್‌ನೊಳಗೆ ಘಟಕ ಬಳಸುವ ಕಿರುಪಟ್ಟಿ) ಆಯ್ಕೆ ಬಳಕೆದಾರರ ಕೈಯಲ್ಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್‌ನ ಹೆಚ್ಚಿನ ಭಾಗವನ್ನು ಪರವಾನಗಿಮುಕ್ತಗೊಳಿಸಿದ ಮೇಲೆ ಚಾನೆಲ್‌ಗಳಿಗೆ ಕೊರತೆಯಿಲ್ಲ, ಆದರೂ ಮೂರೂ ಘಟಕಗಳು ಒಂದೇ ಚಾನೆಲ್ಲಿನಲ್ಲಿ ಕೂರುತ್ತವೆ. ತಂತಿ ಇರುವಾಗ ಅದರ ಅಗತ್ಯವೇ ಇಲ್ಲ. ಭದ್ರತಾ ಅಪ್‌ಡೇಟ್‌ಗಳು ಈವರೆಗೆ ಆಗೊಮ್ಮೆ ಈಗೊಮ್ಮೆ ಬಂದಿವೆ, ಎಷ್ಟು ವರ್ಷ ಬರುತ್ತವೆ ಎಂಬುದನ್ನು ಪೆಟ್ಟಿಗೆಯ ಮೇಲೆ ಎಲ್ಲೂ ಬರೆದಿಲ್ಲ. ಅವು ನಿಂತಾಗ ಘಟಕಗಳನ್ನು ಬದಲಿಸಬೇಕಾಗುತ್ತದೆ. ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ 2.5 ಗಿಗಾಬಿಟ್‌ಗೂ ಒಗ್ಗುವುದರಿಂದ, ಗೋಡೆಯನ್ನು ಮತ್ತೆ ಕೊರೆಸುವ ಕೆಲಸ ಸದ್ಯಕ್ಕಿಲ್ಲ.