ಹಳೇ ಕಾಗದ ಓದುವವರಿಗೆ ಹಾಬ್ಸನ್-ಜಾಬ್ಸನ್

ಬಳ್ಳಾರಿಯಲ್ಲಿ ಪತ್ರ ಬರೆಯುವುದು ನನ್ನ ಕಸುಬು. ಆಸ್ತಿ ಭಾಗದ ಮಾತು ಬಂದಾಗ ಜನ ಮುತ್ತಜ್ಜನ ಕಾಲದ ಕಾಗದಗಳನ್ನೂ ಹೊತ್ತು ತರುತ್ತಾರೆ. 1953ರ ತನಕ ನಾವು ಮದ್ರಾಸಿಗೆ ಸೇರಿದ್ದೆವು. ಹಾಗಾಗಿ ಹಳೇ ತೀರ್ಪು, ಕಲೆಕ್ಟರ್ ಹುಕುಂ ಇಂಗ್ಲಿಷಿನಲ್ಲಿ ಇರುತ್ತವೆ. ಅದು ಈಗಿನ ಇಂಗ್ಲಿಷ್ ಅಲ್ಲ. ಕೌಲ್, ಟೋಪ್ (ಮರಗಳ ತೋಪು), ಬಟ್ಟಾ, ಪಗೋಡಾ ಅಂತ ಬರುತ್ತದೆ. ಮಾಮೂಲಿ ಡಿಕ್ಷನರಿಯಲ್ಲಿ ಇವು ಒಂದೋ ಸಿಗುವುದಿಲ್ಲ, ಇಲ್ಲಾ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ.

ಇಂಥ ಕಡೆ ನಾನು ನೆಚ್ಚಿಕೊಂಡಿರುವುದು ಹಾಬ್ಸನ್-ಜಾಬ್ಸನ್ ಅನ್ನು, ಅಂದರೆ ಇಲ್ಲಿದ್ದ ಬ್ರಿಟಿಷರ ಇಂಗ್ಲಿಷಿಗೆ ಸೇರಿಕೊಂಡ ನಮ್ಮ ಕಡೆಯ ಪದಗಳ ನಿಘಂಟನ್ನು. ಹೆನ್ರಿ ಯೂಲ್ ಮತ್ತು ಮದ್ರಾಸ್ ಸಿವಿಲ್ ಸರ್ವಿಸ್‌ನ ಎ. ಸಿ. ಬರ್ನೆಲ್ ಸೇರಿ ಮಾಡಿದ್ದು. ಬರ್ನೆಲ್ 1882ರಲ್ಲೇ ತೀರಿಕೊಂಡರು, ಪುಸ್ತಕ 1886ರಲ್ಲಿ ಬಂತು. 1903ರಲ್ಲಿ ವಿಲಿಯಂ ಕ್ರೂಕ್ ತಿದ್ದಿ ಬೆಳೆಸಿದ ಆವೃತ್ತಿಯನ್ನು ಶಿಕಾಗೋ ವಿಶ್ವವಿದ್ಯಾಲಯ ತನ್ನ ವೆಬ್‌ಸೈಟಿನಲ್ಲಿ ಪುಕ್ಕಟೆ ಇಟ್ಟಿದೆ.

ಕೌಲ್ ಎಂಬ ಮಾತನ್ನೇ ನೋಡಿ. ಅರಬ್ಬಿಯಿಂದ ಬಂದದ್ದು, ಬರಹದಲ್ಲಿ ಕೊಟ್ಟ ಮಾತು, ಗುತ್ತಿಗೆ, ಅಭಯಪತ್ರ ಎಂದೆಲ್ಲ ಅರ್ಥ ಕೊಡುತ್ತದೆ. ನಮ್ಮ ಹಿರಿಯರ ಬಾಯಲ್ಲಿ ಅದು ಕೌಲು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದರು. ಬೀಳು ಬಿದ್ದ ಹೊಲ ಉಳುವವರಿಗೆ ಕಡಿಮೆ ಕಂದಾಯಕ್ಕೆ ಕೌಲು ಕೊಡುವುದು ಆಗಿನ ರೂಢಿ. ಕೌಲು ಅಂದರೆ ಕ್ರಯ ಅಲ್ಲ! ಇದು ಗೊತ್ತಿಲ್ಲದೆ ಕಾಗದ ಓದಿದರೆ ಅಣ್ಣತಮ್ಮಂದಿರು ಸುಮ್ನೆ ಜಗಳಕ್ಕೆ ಬೀಳುತ್ತಾರೆ.

ಬಟ್ಟಾಕ್ಕೆ ಎರಡು ಅರ್ಥ. ಒಂದು ಸೈನಿಕರಿಗೆ, ನೌಕರರಿಗೆ ಸಂಬಳದ ಮೇಲೆ ಕೊಡುವ ಭತ್ಯೆ. ಇನ್ನೊಂದು ನಾಣ್ಯ ಬದಲಿಸುವಾಗ ಮುರಿದುಕೊಳ್ಳುವ ವಟ್ಟಾ. ಪುಸ್ತಕ ಎರಡನ್ನೂ ಬೇರೆ ಬೇರೆ ಬಿಡಿಸಿ ಹೇಳುತ್ತದೆ. ಪಗೋಡಾ ಅಂದರೆ ನಮ್ಮ ವರಾಹ. ಕಂಪನಿ ಲೆಕ್ಕದಲ್ಲಿ 80 ಕಾಸಿಗೆ ಒಂದು ಫಣಂ, 42 ಫಣಂಗೆ ಒಂದು ವರಾಹ. ಹಳೇ ಲೆಕ್ಕ ಕೂಡಿಸುವಾಗ ಇದು ಬೇಕೇ ಬೇಕು.

ನನಗೆ ಜಾಸ್ತಿ ಹಿಡಿಸಿದ್ದು ಉದಾಹರಣೆಗಳು. ಯಾವ ಇಸವಿಯಲ್ಲಿ ಯಾರು ಆ ಪದವನ್ನು ಹೇಗೆ ಬರೆದರು ಎಂದು ಸಾಲಾಗಿ ಕೊಟ್ಟಿದ್ದಾರೆ. ನಿಮ್ಮ ಕೈಲಿರುವ ಕಾಗದದ ಕಾಲಕ್ಕೆ ಯಾವ ಅರ್ಥ ಹೊಂದುತ್ತದೆ ಅಂತ ನೀವೇ ನೋಡಿಕೊಳ್ಳಬಹುದು. ಪುಸ್ತಕದ ಹೆಸರಿಗೂ ನಮ್ಮ ಕಡೆಗೂ ನಂಟಿದೆ. ಮೊಹರಂನಲ್ಲಿ ಕೂಗುವ ‘ಯಾ ಹಸನ್, ಯಾ ಹುಸೇನ್’ ಗೋರಾ ಸಿಪಾಯಿಗಳ ಬಾಯಲ್ಲಿ ಹಾಬ್ಸನ್-ಜಾಬ್ಸನ್ ಆಯಿತು. ಅಲಾಯಿ ಕುಣಿ (ಮೊಹರಂನಲ್ಲಿ ಬೆಂಕಿ ಹಾಕುವ ಗುಂಡಿ) ಮುಂದೆ ಬೆಳೆದ ನಮಗೆ ಆ ಕೂಗು ಹೊಸದಲ್ಲ, ಅಲ್ವಾ? ಕಾರ್ನಾಟಿಕ್ ಎಂಬಲ್ಲಿ ಕರಿ ನಾಡು ಎಂಬ ವಿವರಣೆ ಓದಿದಾಗ ನಮ್ಮ ಎರೆ ಹೊಲಗಳೇ ಕಣ್ಣಿಗೆ ಬಂದವು.

ಕೊರತೆಗಳೂ ಇವೆ. ಬ್ರಿಟಿಷರ ಕಿವಿಗೆ ಕೇಳಿದ ಹಾಗೆ ಸ್ಪೆಲ್ಲಿಂಗ್ ಊಹಿಸಿ ಹುಡುಕಬೇಕು. ಕಂಬಳಿ ಅವರಲ್ಲಿ ಕಂಬ್ಲಿ, ಅದೂ ‘ಕೆ’ಯಿಂದ ಅಲ್ಲ, ‘ಸಿ’ಯಿಂದ. ನಮ್ಮ ಜನರ ಬಗ್ಗೆ ಆಳುವವರ ಸೊಕ್ಕಿನ ಮಾತುಗಳು ಅಲ್ಲಲ್ಲಿ ಇವೆ, ಓದುವಾಗ ಬೇಸರ ಆಗುತ್ತದೆ. ಡಿಮೈಸ್ (ಗುತ್ತಿಗೆಗೆ ಕೊಡುವುದು), ಮೆಸುಯೇಜ್ (ಮನೆ ಮತ್ತು ಅದರ ಸುತ್ತಲ ಜಾಗ) ಇಂಥ ಅಪ್ಪಟ ಇಂಗ್ಲಿಷ್ ಕಾನೂನು ಪದಗಳಿಗೆ ಇದು ಆಗುವುದಿಲ್ಲ, ಕಾನೂನು ನಿಘಂಟೇ ಬೇಕು.

ಪುಸ್ತಕವೇ ಬೇಕು ಅನ್ನುವವರು 2013ರ ಆಕ್ಸ್‌ಫರ್ಡ್ ಮುದ್ರಣ ಕೊಳ್ಳುವ ಮೊದಲು ಯೋಚಿಸಿ. ಅದು ಆಯ್ದ ಭಾಗ ಮಾತ್ರ. ಕಾಗದ ಓದುವ ಕೆಲಸಕ್ಕೆ ಪೂರ್ತಿ ಪುಸ್ತಕವೇ ಬೇಕು.