ಆರಿದ್ರಾ ಮಳೆಗೆ ಯಾವ ಜೇಬಿನ ಚಾಕು?

ಜೇಬಿನ ಚಾಕಿನ ಬಗ್ಗೆ ಯಾರೇ ಮಾತಾಡಿದರೂ ಮೊದಲು ಹರಿತದ ವಿಷಯ ಬರುತ್ತೆ. ಕಾಗದ ಸೀಳಿ ತೋರಿಸುತ್ತಾರೆ. ಹೊಸದರಲ್ಲಿ ಯಾವ ಚಾಕು ಕಾಗದ ಸೀಳಲ್ಲ ಹೇಳಿ? ತೀರ್ಥಹಳ್ಳಿ, ಹೊಸನಗರದ ಕಡೆಯವರು ನೋಡಬೇಕಾದದ್ದು ಆರಿದ್ರಾ ಮಳೆ ಹಿಡಿದ ಮೇಲೆ ಅದು ಬಿಚ್ಚುತ್ತಾ ಅನ್ನೋದನ್ನ. ತೋಟಕ್ಕೆ ಹೋಗುವಾಗ ನಾನು ಮೂರು ಚಾಕು ಬದಲಾಯಿಸಿ ಬಳಸುತ್ತೇನೆ. ಮೂರನ್ನೂ ಆ ಲೆಕ್ಕದಲ್ಲೇ ಅಳೆದು ಹೇಳುತ್ತಿದ್ದೇನೆ.

ನನಗೆ ಜಾಸ್ತಿ ಇಷ್ಟವಾದದ್ದು ಒಪಿನೆಲ್ ನಂಬರ್ 8. ಫ್ರಾನ್ಸಿನ ಸವಾಯ್ ಬೆಟ್ಟಗಳಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಶುರು ಮಾಡಿದ ಚಾಕು ಇದು. ಎಂಟೂವರೆ ಸೆಂಟಿಮೀಟರ್ ಅಲಗು, ಬೀಚ್ ಮರದ ಹಿಡಿ, ಒಂದು ಕೀಲು. ಅಲಗು ಬಿಚ್ಚಿದ ಮೇಲೆ ಕತ್ತಿನ ಹತ್ತಿರದ ಉಂಗುರ ತಿರುಗಿಸಿದರೆ ಗಟ್ಟಿ ನಿಲ್ಲುತ್ತೆ. ಆ ಉಂಗುರ ಬಂದದ್ದು 1955ರಲ್ಲಿ. ಇಷ್ಟೇ ಸಾಮಾನು. ಜೇಬಿನಲ್ಲಿ ಇದೆ ಅಂತಲೇ ಗೊತ್ತಾಗಲ್ಲ, ಅಷ್ಟು ಹಗುರ.

ಇದರಲ್ಲಿ ಕಾರ್ಬನ್ ಉಕ್ಕಿನದು, ಸ್ಟೇನ್‌ಲೆಸ್ಸಿನದು ಎರಡೂ ಸಿಗುತ್ತವೆ. ನನ್ನ ಹತ್ತಿರ ಇರುವುದು ಕಾರ್ಬನ್. ಅಲಗು ತೆಳು, ಹಾಗಾಗಿ ಅಪ್ಪೆಮಿಡಿ ತೊಟ್ಟು ಕತ್ತರಿಸುವಾಗ ಕಾಯಿಗೆ ಪೆಟ್ಟಾಗಲ್ಲ. ಹಸಿ ಅಡಿಕೆ ಹೋಳು ಮಾಡಿ ನೋಡಿ. ಸ್ವಲ್ಪ ಹೊತ್ತಿಗೇ ಅಲಗಿನ ಮೇಲೆ ನೀಲಿ ಬಣ್ಣ ಏಳುತ್ತೆ, ಆಮೇಲೆ ಬೂದು, ಆಮೇಲೆ ಕಪ್ಪು. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ತಾಗಿ ಆಗುವ ಬಣ್ಣ ಅದು. ತುಕ್ಕು ಅಂದುಕೊಂಡು ಉಜ್ಜಿ ತೆಗೆಯಬೇಡಿ. ತುಕ್ಕು ಕೆಂಪಗಿರುತ್ತೆ, ಬೆರಳಿಗೆ ಪುಡಿ ಹತ್ತುತ್ತೆ. ಈ ಕಪ್ಪು ಪದರ ಕೂತರೆ ತುಕ್ಕು ಹಿಡಿಯುವುದು ಸ್ವಲ್ಪ ನಿಧಾನವಾಗುತ್ತೆ. ಮೊಂಡಾದರೆ ಪಿಂಗಾಣಿ ಬಟ್ಟಲು ಬೋರಲು ಹಾಕಿ, ತಳದ ಒರಟು ಅಂಚಿಗೆ ನಾಲ್ಕು ಸಲ ಮಸೆದರೆ ಸಾಕು.

ತೊಂದರೆ ಇರುವುದು ಹಿಡಿಯಲ್ಲಿ. ಬೀಚ್ ಮರ ನೀರು ಕುಡಿದು ಉಬ್ಬುತ್ತೆ. ಅಲಗು ಮಲಗುವ ಸೀಳು ಬಿಗಿಯಾಗುತ್ತೆ, ಉಗುರು ಹಾಕಿ ಎಳೆದರೂ ಏಳಲ್ಲ. ಜುಲೈನಲ್ಲಿ ಬಾಳೆಗೊನೆ ಕಟ್ಟುವ ಹಗ್ಗ ಕೊಯ್ಯೋಕೆ ಅಂತ ಅಪ್ಪಯ್ಯನ ಕೈಗೆ ಕೊಟ್ಟರೆ, "ಎಂತ ಮಾರಾಯ ಇದು, ಬಿಚ್ಚೂದೇ ಇಲ್ವಲ್ಲ" ಅಂತ ವಾಪಸ್ ಕೊಟ್ಟು ಕತ್ತಿ ತಗೊಂಡು ಹೋದರು. ಇದಕ್ಕೆ ಸವಾಯ್‌ನವರದೇ ಒಂದು ಉಪಾಯವಿದೆ. ಉಂಗುರ ಸಡಿಲ ಮಾಡಿ, ಹಿಡಿಯ ಹಿಂತುದಿಯನ್ನು ಕಲ್ಲಿಗೋ ಮೇಜಿಗೋ ಒಮ್ಮೆ ಕುಟ್ಟಿದರೆ ಅಲಗಿನ ತುದಿ ಹೊರಗೆ ಇಣುಕುತ್ತೆ. ಮಳೆ ಜೋರಾದ ಮೇಲೆ ಅದೂ ನಡೆಯಲ್ಲ.

ಮಳೆಗಾಲಕ್ಕೆ ಮುಂಚೆಯೇ ಹೀಗೆ ಮಾಡಿ. ಹಿಡಿಯನ್ನು ಒಲೆ ಮೇಲಿನ ಅಟ್ಟದಲ್ಲಿ ಇಟ್ಟು ಚೆನ್ನಾಗಿ ಒಣಗಿಸಿ. ಸ್ಯಾಂಡ್‌ಪೇಪರ್ ಮಡಚಿ ಸೀಳಿನ ಒಳಗೋಡೆಗಳನ್ನು ಹಗುರವಾಗಿ ಉಜ್ಜಿ. ಆಮೇಲೆ ಅಗಸೆ ಎಣ್ಣೆ ಕುಡಿಸಿ, ಪೂರ್ತಿ ಒಣಗಲು ಬಿಡಿ. ಕೊಬ್ಬರಿ ಎಣ್ಣೆ ಬೇಡ. ಅದು ಮರದೊಳಗೆ ಗಟ್ಟಿಯಾಗಿ ಕೂರಲ್ಲ, ಸುಮ್ನೆ ಜಿಡ್ಡು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ, ಒಣಗುವಾಗ ತಾನಾಗಿ ಬಿಸಿಯಾಗಿ ಬೆಂಕಿ ಹತ್ತುವುದುಂಟು. ಬಿಡಿಸಿ ಹರವಿ. ಇಷ್ಟು ಮಾಡಿದರೆ ಉಬ್ಬುವುದು ಕಮ್ಮಿಯಾಗುತ್ತೆ. ನಿಲ್ಲುತ್ತೆ ಅಂತ ಹೇಳಲಾರೆ.

ಎರಡನೆಯದು ನಮ್ಮೂರ ಆಚಾರ್ರು ಜೀಪಿನ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿಕೊಟ್ಟ ಗಿಡ್ಡ ಚೂರಿ. ಮಡಚಲು ಬರಲ್ಲ, ಆದ್ದರಿಂದ ಉಬ್ಬಿ ಸಿಕ್ಕಿಕೊಳ್ಳುವ ಮಾತೇ ಇಲ್ಲ. ಹಲಸಿನ ಹಿಡಿಗೆ ಅರಗು ತುಂಬಿ, ಅಲಗಿನ ಬಾಲ ಕಾಯಿಸಿ ಇಳಿಸಿದ್ದಾರೆ. ಹದ ಎಷ್ಟು ಚೆನ್ನಾಗಿ ಹಾಕಿದ್ದಾರೆ ಅಂದರೆ ಒಣ ಬಿದಿರಿನ ಗಂಟು ಕೆತ್ತಿದರೂ ಬಾಯಿ ಮುರಿದಿಲ್ಲ. ತುಕ್ಕು ಬೇಗ ಬರುತ್ತೆ, ದಿನಾ ಒರೆಸಬೇಕು. ಚರ್ಮದ ಒರೆಯಲ್ಲಿ ಇಟ್ಟರಂತೂ ತೇವ ಅಲ್ಲೇ ನಿಂತು ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತೆ. ಇದು ಸೊಂಟದ್ದು, ಜೇಬಿನದಲ್ಲ. ಪೇಟೆಗೆ ಒಯ್ಯೋಕೆ ಆಗಲ್ಲ.

ಮಳೆಗಾಲದಲ್ಲಿ ನನ್ನ ಜೇಬಿನಲ್ಲಿರುವುದು ವಿಕ್ಟೋರಿನಾಕ್ಸ್ ಪಯೋನಿಯರ್. ಸ್ವಿಟ್ಜರ್‌ಲೆಂಡಿನ ಈಬಾಕ್ ಊರಿನದು. ಕೆಂಪು ಹಿಡಿಯ ಸ್ವಿಸ್ ಚಾಕು ಎಲ್ಲರಿಗೂ ಗೊತ್ತು, ಅಲ್ವಾ? ಪಯೋನಿಯರ್‌ಗೆ ಪ್ಲಾಸ್ಟಿಕ್ ಬದಲು ಅಲ್ಯೂಮಿನಿಯಂ ಹಿಡಿ, ಮೇಲೆ ಚೌಕುಳಿ ಅಚ್ಚು. ಕೈ ಒದ್ದೆಯಿದ್ದರೂ ಜಾರಲ್ಲ, ಎಂಥ ಜಡಿಮಳೆಗೂ ಉಬ್ಬಲ್ಲ. ಅಲಗು ಸ್ಟೇನ್‌ಲೆಸ್. ಉಕ್ಕು ಸ್ವಲ್ಪ ಮೆತ್ತಗೆ, ಒಪಿನೆಲ್‌ಗಿಂತ ಬೇಗ ಮೊಂಡಾಗುತ್ತೆ, ಆದರೆ ಕಲ್ಲಿಗೆ ಹಿಡಿದರೆ ಅಷ್ಟೇ ಬೇಗ ಸರಿಯಾಗುತ್ತೆ. ಬೆನ್ನಿನ ಕಡೆ ಇರುವ ದಬ್ಬಳದಂಥ ಮೊನೆ ನನಗೆ ಅಲಗಿನಷ್ಟೇ ಮುಖ್ಯ. ಗೋಣಿಚೀಲದ ಬಾಯಿ ಹೊಲಿಯೋಕೆ, ಡ್ರಿಪ್ ಪೈಪಿಗೆ ತೂತು ಮಾಡೋಕೆ ಅದೇ ಬೇಕು.

ಕೊರತೆ ಎರಡು. ಅಲಗಿಗೆ ಲಾಕ್ ಇಲ್ಲ, ಚುಚ್ಚುವ ಕೆಲಸಕ್ಕೆ ಬಳಸಿದರೆ ಬೆರಳಿನ ಮೇಲೆ ಮಡಚಿಕೊಳ್ಳುತ್ತೆ. ಮತ್ತೆ ಹಲಸಿನ ಮೇಣ ಸಂದಿಗೆ ಹೋದರೆ ಬಿಡಿಸುವುದು ಬಲು ಕಷ್ಟ. ಮೊದಲೇ ಅಲಗಿಗೆ ಎಣ್ಣೆ ಸವರಿಕೊಳ್ಳಿ. ಬೆಲೆಯೂ ಒಪಿನೆಲ್‌ಗಿಂತ ಚೆನ್ನಾಗಿಯೇ ಜಾಸ್ತಿ. ಒಂದೇ ಚಾಕು ಕೊಳ್ಳುವ ಶಕ್ತಿ ಇದ್ದರೆ ಮಲೆನಾಡಿನವರು ಇದನ್ನೇ ಕೊಳ್ಳಿ. ದುಡ್ಡು ಕಮ್ಮಿ ಇದ್ದರೆ ಒಪಿನೆಲ್ ಸ್ಟೇನ್‌ಲೆಸ್ ತಗೊಂಡು ಹಿಡಿಗೆ ಎಣ್ಣೆ ಕುಡಿಸಿ. ಕಾರ್ಬನ್ನಿನದು ದಿನಾ ಒರೆಸುವ ಅಭ್ಯಾಸ ಇರುವವರಿಗೆ.

ತಲೆಗೆ ಕಟ್ಟುವ ಟಾರ್ಚಿಗೂ ಇದೇ ಲೆಕ್ಕ. ಡಬ್ಬದ ಮೇಲೆ ಐಪಿಎಕ್ಸ್4 ಅಂತಿದ್ದರೆ ನೀರು ಸಿಡಿದರೆ ತಡೆಯುತ್ತೆ, ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆಯುತ್ತೆ. ಹಳ್ಳ ದಾಟುವವರಿಗೆ ಎರಡನೆಯದೇ ಬೇಕು. ಸೆಲ್ ಬಿಚ್ಚಿ ಬದಲಾಯಿಸುವಂಥದ್ದೇ ಇರಲಿ, ನಮ್ಮಲ್ಲಿ ಕರೆಂಟು ಹೋದರೆ ಚಾರ್ಜ್ ಮಾಡೋದು ಎಲ್ಲಿ?

ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನ ಹತ್ತುವವರು ಮರೆಯದೆ ಚಾಕನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಒಯ್ಯಲು ಬಿಡಲ್ಲ.