ಆನ್ ಮಾಡಿದ ಕೂಡಲೇ ಡಿಸ್ಕ್ ಚೆಕ್: ಯಾವ ದಾರಿ ಮೊದಲು, ಯಾವುದು ಕೊನೆಗೆ

ಕಂಪ್ಯೂಟರ್ ಆನ್ ಮಾಡಿದರೆ ವಿಂಡೋಸ್ ಬರುವ ಮೊದಲೇ ಕಪ್ಪು ಪರದೆ. ಅದರ ಮೇಲೆ "ಸ್ಕ್ಯಾನಿಂಗ್ ಆಂಡ್ ರಿಪೇರಿಂಗ್ ಡ್ರೈವ್ ಸಿ" ಎಂಬ ಸಾಲು, ನಿಧಾನಕ್ಕೆ ಏರುವ ಶೇಕಡಾ ಅಂಕಿ. ಒಮ್ಮೆ ಬಂದು ಹೋದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ದಿನಾ ಬೆಳಿಗ್ಗೆ ಅದೇ ಬಂದರೆ ಏನೋ ಕೆಟ್ಟಿದೆ ಎಂದೇ ಲೆಕ್ಕ. ಕಾರವಾರ, ಅಂಕೋಲಾ, ಕುಮಟಾದ ಅಂಗಡಿ-ಕಚೇರಿಗಳಲ್ಲಿ ಮಳೆಗಾಲ ಹಿಡಿದ ಮೇಲೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಗುಡುಗು-ಸಿಡಿಲಿನ ದಿನಗಳಲ್ಲಿ ಈ ದೂರು ಜಾಸ್ತಿ. ಆಗ ಜನ ಹಿಡಿಯುವ ದಾರಿಗಳು ಹಲವು: ಕೀ ಒತ್ತಿ ದಾಟಿಸುವುದು, ವಿಂಡೋಸಿನದೇ ಡಿಸ್ಕ್ ತಪಾಸಣೆಯ ಆಜ್ಞೆ ಚೆಕ್‌ಡಿಸ್ಕ್ ಓಡಿಸುವುದು, ಲಿನಕ್ಸ್ ಪೆನ್‌ಡ್ರೈವ್ ಹಾಕುವುದು, ಕೇಬಲ್ ಬದಲಿಸುವುದು, ಎಲ್ಲ ಬಿಟ್ಟು ಫಾರ್ಮ್ಯಾಟ್ ಹೊಡೆಯುವುದು. ಎಲ್ಲವನ್ನೂ ಬಳಸಿ ನೋಡಿದ ಮೇಲೆ ಖಚಿತವಾಗಿರುವುದು ಇಷ್ಟು: ಯಾವುದನ್ನು ಆರಿಸಿದಿರಿ ಎನ್ನುವುದಕ್ಕಿಂತ ಯಾವುದನ್ನು ಮೊದಲು ಮಾಡಿದಿರಿ ಎನ್ನುವುದರ ಮೇಲೆ ನಿಮ್ಮ ಫೈಲುಗಳು ಉಳಿಯುತ್ತವೆ.

ಮೊದಲು ಬಂದ ಸಂದೇಶ ಯಾರದ್ದೆಂದು ನೋಡಿ. "ಸ್ಕ್ಯಾನಿಂಗ್ ಆಂಡ್ ರಿಪೇರಿಂಗ್" ಎಂಬುದು ವಿಂಡೋಸಿನ ಮಾತು. ಅಂದರೆ ಡ್ರೈವಿನ ಮೇಲೆ ತಪಾಸಣೆ ಬೇಕೆಂದು ಹೇಳುವ "ಡರ್ಟಿ ಬಿಟ್" ಎಂಬ ಗುರುತು ಬಿದ್ದಿದೆ. ಬರೆಯುತ್ತಿರುವಾಗ ಕರೆಂಟ್ ಹೋಗಿ ಫೈಲ್ ಸಿಸ್ಟಮ್ (ಯಾವ ಫೈಲ್ ಎಲ್ಲಿದೆ ಎಂಬ ಡಿಸ್ಕಿನ ಲೆಕ್ಕ) ಅರ್ಧಕ್ಕೆ ನಿಂತರೂ ಅದು ಬೀಳುತ್ತದೆ, ಡಿಸ್ಕ್ ಸಾಯುತ್ತಿದ್ದರೂ ಬೀಳುತ್ತದೆ. "ಸ್ಮಾರ್ಟ್ ಸ್ಟೇಟಸ್ ಬ್ಯಾಡ್, ಬ್ಯಾಕಪ್ ಆಂಡ್ ರಿಪ್ಲೇಸ್" ಎಂದು ಬಂದು ಎಫ್1 ಒತ್ತಲು ಕೇಳಿದರೆ ಅದು ಬಯಾಸಿನ, ಅಂದರೆ ವಿಂಡೋಸಿಗಿಂತ ಮೊದಲು ಏಳುವ ಮದರ್‌ಬೋರ್ಡಿನ ತಂತ್ರಾಂಶದ, ಎಚ್ಚರಿಕೆ. ಹಾರ್ಡ್‌ಡಿಸ್ಕ್ ತಾನೇ ಸೋತೆನೆಂದು ಹೇಳುತ್ತಿದೆ. ಅಲ್ಲಿ ರಿಪೇರಿಯ ಮಾತಿಲ್ಲ, ನಕಲು ತೆಗೆಯುವುದೊಂದೇ ಕೆಲಸ. "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂದು ನೀಲಿ ಪರದೆ ಬಂದು, ಜೊತೆಗೆ ಗಡಿಯಾರವೂ ಹಳೆಯ ತಾರೀಖು ತೋರಿಸಿದರೆ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ನೋಡಿ. ಅದು ಸತ್ತು ಬಯಾಸ್ ಸೆಟ್ಟಿಂಗ್ ಅಳಿಸಿಹೋದರೆ ಡಿಸ್ಕ್ ಜೋಡಣೆಯ ಸಾಟಾ ಮೋಡ್ ಬದಲಾಗುವುದುಂಟು. ಆಗ ಡಿಸ್ಕ್ ಸರಿಯಿದ್ದರೂ ವಿಂಡೋಸಿಗೆ ಅದು ಕಾಣುವುದಿಲ್ಲ.

ಕೀ ಒತ್ತಿ ದಾಟಿಸುವುದನ್ನು ತಪ್ಪೆಂದು ಬಯ್ಯುವವರಿದ್ದಾರೆ. ನಮ್ಮ ಲೆಕ್ಕದಲ್ಲಿ ಮೊದಲ ಹೆಜ್ಜೆ ಅದೇ ಆಗಬೇಕು. ಈಗಿನ ವಿಂಡೋಸ್ ಸಾಮಾನ್ಯವಾಗಿ 8 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಯಾವುದಾದರೂ ಕೀ ಒತ್ತಿದರೆ ನೇರ ಒಳಗೆ ಹೋಗುತ್ತದೆ. ಆದರೆ ದಾಟಿಸುವುದು ಡಿಸ್ಕಿನ ಆರೋಗ್ಯ ನೋಡಲಿಕ್ಕೆ ಮಾತ್ರ, ಕೆಲಸ ಮುಂದುವರಿಸಲಿಕ್ಕಲ್ಲ. ಕೆಲವರು "ಚೆಕ್‌ಎನ್‌ಟಿಎಫ್‌ಎಸ್ /ಎಕ್ಸ್ ಸಿ:" ಕೊಟ್ಟು ತಪಾಸಣೆಯನ್ನೇ ಶಾಶ್ವತವಾಗಿ ನಿಲ್ಲಿಸಿಬಿಡುತ್ತಾರೆ. ಪರದೆ ಬರುವುದು ನಿಲ್ಲುತ್ತದೆ, ರೋಗ ಒಳಗೇ ಬೆಳೆಯುತ್ತದೆ. ಯಾರೋ ಹಾಗೆ ಮಾಡಿಟ್ಟಿದ್ದರೆ ಅದೇ ಆಜ್ಞೆಗೆ "/ಡಿ" ಹಾಕಿದರೆ ಮೊದಲಿನಂತಾಗುತ್ತದೆ.

ಒಳಗೆ ಹೋದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆಯಿರಿ. ಇದು ಉಚಿತ, ಡಿಸ್ಕಿನ ಮೇಲೆ ಏನನ್ನೂ ಬರೆಯದೆ ಸ್ಮಾರ್ಟ್ ಅಂಕಿಗಳನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕವನ್ನು, ಓದಿ ತೋರಿಸುತ್ತದೆ. ಪೋರ್ಟಬಲ್ ಆವೃತ್ತಿಯನ್ನು ಪೆನ್‌ಡ್ರೈವಿನಿಂದಲೇ ಓಡಿಸಿ. ಅನುಮಾನವಿರುವ ಡಿಸ್ಕಿನ ಮೇಲೆ ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡಬಾರದು. ನೀಲಿ ಬಣ್ಣದ "ಗುಡ್" ಕಂಡ ಕೂಡಲೇ ಸಮಾಧಾನ ಬೇಡ, ನಾಲ್ಕು ಸಾಲು ಓದಿ: 05, ಸಿ5, ಸಿ6, ಸಿ7. 05 ಎಂದರೆ ಕೆಟ್ಟ ಸೆಕ್ಟರಿನ (ಡೇಟಾ ಇರುವ ಸಣ್ಣ ತುಂಡು ಜಾಗ) ಬದಲು ಮೀಸಲು ಸೆಕ್ಟರ್ ಬಳಸಿದ ಲೆಕ್ಕ. ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು. ಸಿ6 ಎಂದರೆ ಡಿಸ್ಕ್ ತಾನೇ ತಪಾಸಣೆ ಮಾಡಿಕೊಂಡಾಗ ಸರಿಪಡಿಸಲಾಗದೆ ಉಳಿದವು. ಸಿ7 ಎಂದರೆ ಕೇಬಲ್ ದಾರಿಯಲ್ಲಿ ಕೆಟ್ಟುಬಂದ ಡೇಟಾ. ರಾ ವ್ಯಾಲ್ಯೂ ಕಾಲಮ್ಮಿನಲ್ಲಿ ಅಂಕಿ ಹೆಕ್ಸಾಡೆಸಿಮಲ್‌ನಲ್ಲಿರುತ್ತದೆ, 1ಎ ಎಂದರೆ 26. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ಗೆ ಹೋಗಿ ರಾ ವ್ಯಾಲ್ಯೂಸ್ ಅನ್ನು ದಶಮಾಂಶಕ್ಕೆ ಬದಲಿಸಿಕೊಂಡರೆ ಗೊಂದಲವಿಲ್ಲ.

ಇದರ ಎದುರು ಸೀಗೇಟಿನ ಸೀಟೂಲ್ಸಿನಂಥ, ಡಿಸ್ಕ್ ಕಂಪನಿಗಳದೇ ತಪಾಸಣೆ ತಂತ್ರಾಂಶಗಳಿವೆ. ವಾರಂಟಿ ಇದ್ದರೆ ಅವುಗಳ ಫಲಿತಾಂಶ ಉಪಯೋಗಕ್ಕೆ ಬರುತ್ತದೆ. ರೋಗ ಪತ್ತೆಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು.

ನಾಲ್ಕೂ ಸೊನ್ನೆಯಿದ್ದರೆ ಚೆಕ್‌ಡಿಸ್ಕ್ ಧೈರ್ಯವಾಗಿ ಓಡಿಸಬಹುದು. ಟೈಪ್ ಮಾಡುವಾಗ ಅಕ್ಷರಗಳು ಸಿ-ಎಚ್-ಕೆ-ಡಿ-ಎಸ್-ಕೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿರಬೇಕು. ಇದರ ರೂಪಗಳಲ್ಲಿ ಅತಿ ಸೌಮ್ಯವಾದದ್ದು "/ಸ್ಕ್ಯಾನ್". ವಿಂಡೋಸ್ 8ರಿಂದ ಬಂದಿದೆ. ರೀಸ್ಟಾರ್ಟ್ ಬೇಡ, ಗಿರಾಕಿ ಎದುರಿಗಿದ್ದಾಗಲೂ ಹಿಂದೆ ಓಡುತ್ತಿರುತ್ತದೆ. ಅದು ಗುರುತುಹಾಕಿದ ದೋಷಗಳನ್ನಷ್ಟೇ "/ಸ್ಪಾಟ್‌ಫಿಕ್ಸ್" ಮುಂದಿನ ಬೂಟಿನಲ್ಲಿ ಬೇಗ ಮುಗಿಸುತ್ತದೆ. ಕರೆಂಟ್ ಹೋಗಿ ಬಿದ್ದ ಗುರುತಿಗೆ ಈ ಜೋಡಿಯೇ ಸಾಕಾಗುವುದು ಹೆಚ್ಚು. ಸಾಕಾಗದಿದ್ದರೆ "/ಎಫ್".

ಗೊಂದಲವಿರುವುದು "/ಎಫ್" ಮತ್ತು "/ಆರ್" ನಡುವೆ. "/ಎಫ್" ನೋಡುವುದು ಅಡಿಕೆ ಮಂಡಿಯ ಖಾತೆ ಪುಸ್ತಕವನ್ನು. "/ಆರ್" ಗೋದಾಮಿಗೇ ಇಳಿದು ಪ್ರತಿ ಚೀಲ ಬಿಚ್ಚಿ ನೋಡುತ್ತದೆ. ಮೊದಲನೆಯದರಲ್ಲಿ ಮೂರು ಹಂತ: ಫೈಲ್ ದಾಖಲೆ, ಹೆಸರುಗಳ ಕೊಂಡಿ, ಸೆಕ್ಯೂರಿಟಿ ವಿವರ. ಎರಡನೆಯದು ಈ ಮೂರನ್ನೂ ಮಾಡಿ, ನಾಲ್ಕನೆಯದರಲ್ಲಿ ಫೈಲುಗಳಿರುವ ಜಾಗವನ್ನೂ ಐದನೆಯದರಲ್ಲಿ ಖಾಲಿ ಜಾಗವನ್ನೂ ಪೂರ್ತಿ ಓದುತ್ತದೆ. ಆದ್ದರಿಂದ ಎರಡನ್ನೂ ಸೇರಿಸಿ ಕೊಡುವ ಅಗತ್ಯವಿಲ್ಲ. 1 ಟಿಬಿಯ ಒಳ್ಳೆಯ ಹಾರ್ಡ್‌ಡಿಸ್ಕಿನಲ್ಲಿ "/ಎಫ್" ನಿಮಿಷಗಳಲ್ಲಿ ಮುಗಿದರೆ "/ಆರ್" ಎರಡು ತಾಸಿಗಿಂತ ಮೇಲೆಯೇ ಹಿಡಿಯುತ್ತದೆ. ಸೆಕೆಂಡಿಗೆ 130 ಎಂಬಿ ಓದಿದರೂ ಅಷ್ಟು ಹೊತ್ತು ಬೇಕೇಬೇಕು.

ಸಿ5 ಸೊನ್ನೆಯಲ್ಲದ ಡಿಸ್ಕಿಗೆ "/ಆರ್" ಕೊಡುವುದನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ಓದಲಾಗದ ಸೆಕ್ಟರ್ ಸಿಕ್ಕಿದಾಗ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ. ಡಿಸ್ಕ್ ಓದುವ ಹೆಡ್ ಮೊದಲೇ ಸೋತಿದ್ದರೆ ಆ ತಾಸುಗಟ್ಟಲೆಯ ಒದ್ದಾಟದಲ್ಲೇ ಪೂರ್ತಿ ಹೋಗಬಹುದು. ಅಷ್ಟೇ ಅಲ್ಲ, ಚೆಕ್‌ಡಿಸ್ಕಿಗೆ ಬೇಕಾದದ್ದು ಫೈಲ್ ಸಿಸ್ಟಮಿನ ಲೆಕ್ಕ ಹೊಂದುವುದು, ನಿಮ್ಮ ಟ್ಯಾಲಿ ಡೇಟಾ ಉಳಿಯುವುದಲ್ಲ. ದಾಖಲೆ ಓದಲಾಗದ ಫೈಲನ್ನು ಅದು ಕಿತ್ತುಹಾಕುತ್ತದೆ. ಉಳಿದ ಚೂರುಗಳು "ಫೌಂಡ್.000" ಎಂಬ ಅಡಗಿದ ಫೋಲ್ಡರಿನಲ್ಲಿ ಹೆಸರಿಲ್ಲದ ತುಂಡುಗಳಾಗಿ ಸಿಗುತ್ತವೆ. ಒಂದು ವರ್ಷದ ಲೆಕ್ಕವನ್ನು ಆ ತುಂಡುಗಳಿಂದ ಜೋಡಿಸುವುದು ಹೆಚ್ಚಾಗಿ ಆಗದ ಕೆಲಸ.

ಹಾಗಾಗಿ ಸಿ5 ಕಂಡರೆ ಮೊದಲು ನಕಲು. ಇಲ್ಲಿಯೂ ನಾಲ್ಕು ದಾರಿಗಳು, ನಾಲ್ಕೂ ಒಂದೇ ಅಲ್ಲ.

ಎಕ್ಸ್‌ಪ್ಲೋರರಿನಲ್ಲಿ ಕಾಪಿ-ಪೇಸ್ಟ್ ಮಾಡಿದರೆ ಒಂದು ಕೆಟ್ಟ ಫೈಲಿಗೆ ಇಡೀ ಕೆಲಸ ನಿಂತುಬಿಡುತ್ತದೆ. ವಿಂಡೋಸಿನದೇ ನಕಲು ಆಜ್ಞೆ ರೋಬೋಕಾಪಿ ಮೇಲು, ಆದರೆ ಅದರ ಮೂಲ ಸೆಟ್ಟಿಂಗ್ ಅಪಾಯದ್ದು: ಕೆಟ್ಟ ಫೈಲನ್ನು 10 ಲಕ್ಷ ಸಲ, ಪ್ರತಿ ಸಲಕ್ಕೂ 30 ಸೆಕೆಂಡ್ ಕಾದು ಪ್ರಯತ್ನಿಸುತ್ತದೆ. "/ಇ /ಆರ್:1 /ಡಬ್ಲ್ಯೂ:1" ಸೇರಿಸಲೇಬೇಕು. ಸಿ5 ಹತ್ತಿಪ್ಪತ್ತರೊಳಗಿದ್ದು ಡಿಸ್ಕ್ ಸದ್ದು ಮಾಡದಿದ್ದರೆ ಇದು ಸಾಕು. ಮೊದಲು ಟ್ಯಾಲಿ ಡೇಟಾದಲ್ಲಿ ಕಂಪನಿ ಸಂಖ್ಯೆಯ ಹೆಸರಿರುವ ಫೋಲ್ಡರ್, ಆಮೇಲೆ ನುಡಿ-ಬರಹದ ಕಡತಗಳು, ಡೆಸ್ಕ್‌ಟಾಪ್, ಡೌನ್‌ಲೋಡ್ಸ್. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಅರ್ಧ ಸಂಸಾರ ಡೆಸ್ಕ್‌ಟಾಪಿನ ಮೇಲೇ ಇರುತ್ತದೆ, ಅದನ್ನು ಮರೆಯಬೇಡಿ. ಫೋಟೋ, ವಿಡಿಯೋ ಕೊನೆಗೆ.

ಇಡೀ ಡಿಸ್ಕನ್ನು ನಕಲಿಸುವ ಕ್ಲೋನ್‌ಜಿಲ್ಲಾ ಒಳ್ಳೆಯ ಡಿಸ್ಕಿಗೆ ಚೆನ್ನಾಗಿ ಒಗ್ಗುತ್ತದೆ. ಕೆಟ್ಟ ಸೆಕ್ಟರ್ ಸಿಕ್ಕರೆ ನಿಂತುಬಿಡುತ್ತದೆ. ಎಕ್ಸ್‌ಪರ್ಟ್ ಮೋಡಿನಲ್ಲಿ "ರೆಸ್ಕ್ಯೂ" ಆಯ್ಕೆ ಹಾಕಿದರೆ ಮಾತ್ರ ಮುಂದೆ ಹೋಗುತ್ತದೆ.

ಅಂಕಿ ದೊಡ್ಡದಿದ್ದರೆ, ಇಲ್ಲವೇ ವಿಂಡೋಸೇ ಏಳದಿದ್ದರೆ, ಕೆಟ್ಟ ಡಿಸ್ಕಿನಿಂದ ನಕಲು ತೆಗೆಯುವ ಲಿನಕ್ಸ್ ತಂತ್ರಾಂಶ ಡಿಡಿ-ರೆಸ್ಕ್ಯೂಗೆ ಸಮನಾದದ್ದು ಉಚಿತದಲ್ಲಿ ಇನ್ನೊಂದಿಲ್ಲ. ಉಬುಂಟು ಪೆನ್‌ಡ್ರೈವಿನಿಂದ "ಟ್ರೈ" ಎಂದು ಒಳಗೆ ಹೋಗಿ, ಜಿ-ಡಿ-ಡಿ-ರೆಸ್ಕ್ಯೂ ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. "ಎಲ್‌ಎಸ್‌ಬಿಎಲ್‌ಕೆ" ಕೊಟ್ಟು ಗಾತ್ರ, ಮಾಡೆಲ್, ಸೀರಿಯಲ್ ನೋಡಿ ಯಾವುದು ಹಳೆಯದು, ಯಾವುದು ಹೊಸದೆಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆಜ್ಞೆಯಲ್ಲಿ ಮೊದಲು ಹಳೆಯದು, ಆಮೇಲೆ ಹೊಸದು, ಕೊನೆಗೆ ಎಲ್ಲಿಯವರೆಗೆ ಓದಿದೆ ಎಂಬ ಲೆಕ್ಕವಿಡುವ ಮ್ಯಾಪ್ ಫೈಲ್. ಮೊದಲೆರಡು ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಡೇಟಾದ ಮೇಲೆ ಬರೆದುಹೋಗುತ್ತದೆ. ಮೊದಲ ಸುತ್ತು "-ಎಫ್ -ಎನ್": ಸುಲಭಕ್ಕೆ ಓದಲು ಸಿಗುವುದನ್ನೆಲ್ಲ ಬಾಚಿಕೊಂಡು ಕೆಟ್ಟ ಜಾಗ ಬಿಟ್ಟು ಮುಂದೆ ಹೋಗುತ್ತದೆ. ಎರಡನೇ ಸುತ್ತು "-ಎಫ್ -ಡಿ -ಆರ್3": ಬಿಟ್ಟದ್ದಕ್ಕೆ ಮಾತ್ರ ಮೂರು ಪ್ರಯತ್ನ. ಚೆಕ್‌ಡಿಸ್ಕಿಗೂ ಇದಕ್ಕೂ ಇರುವ ದೊಡ್ಡ ಅಂತರ ಇದೇ. ಇದು ಹಳೆಯ ಡಿಸ್ಕಿಗೆ ಏನನ್ನೂ ಬರೆಯುವುದಿಲ್ಲ, ಕೆಟ್ಟ ಜಾಗದ ಸಹವಾಸವನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಮ್ಯಾಪ್ ಫೈಲನ್ನು ಇನ್ನೊಂದು ಪೆನ್‌ಡ್ರೈವಿನಲ್ಲಿ ಇಟ್ಟರೆ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ.

ಎರಡೂ ಡಿಸ್ಕನ್ನು ಸಾಧ್ಯವಾದರೆ ನೇರ ಸಾಟಾಕ್ಕೆ ಹಾಕಿ. ಯುಎಸ್‌ಬಿ 2.0 ದಾರಿಯಲ್ಲಿ 500 ಜಿಬಿಗೆ ನಾಲ್ಕು ತಾಸಿನ ಮೇಲೆ ಬೇಕು, ಕೆಲವು ಅಡಾಪ್ಟರುಗಳಲ್ಲಿ ಸ್ಮಾರ್ಟ್ ಅಂಕಿಯೂ ಕಾಣುವುದಿಲ್ಲ. ಯುಎಸ್‌ಬಿ ಬಿಟ್ಟು ಗತಿಯಿಲ್ಲದಿದ್ದರೆ 3.5 ಇಂಚಿನ ಡಿಸ್ಕಿಗೆ ಬೇರೆ 12 ವೋಲ್ಟ್ ಅಡಾಪ್ಟರ್ ಬೇಕೆಂಬುದು ನೆನಪಿರಲಿ. ಯುಎಸ್‌ಬಿಯ 5 ವೋಲ್ಟಿಗೆ ಅದು ತಿರುಗುವುದಿಲ್ಲ. ನಕಲು ಮುಗಿದ ಮೇಲೆ ಹಳೆಯದನ್ನು ಕಳಚಿಟ್ಟು, ಹೊಸದರ ಮೇಲೆ "ಚೆಕ್‌ಡಿಸ್ಕ್ /ಎಫ್" ಓಡಿಸಿ. ಏನಾದರೂ ಕೆಟ್ಟರೂ ಮೂಲ ಹಾಗೇ ಇರುತ್ತದೆ. ಟಕ್ ಟಕ್ ಎಂದು ಸದ್ದು ಮಾಡುವ ಡಿಸ್ಕಿಗೆ ಡಿಡಿ-ರೆಸ್ಕ್ಯೂ ಕೂಡ ಬೇಡ. ಡೇಟಾ ಅಮೂಲ್ಯವಾಗಿದ್ದರೆ ಕರೆಂಟ್ ತೆಗೆದು, ಡಿಸ್ಕ್ ಬಿಚ್ಚಲು ಸ್ವಚ್ಛ ಕೋಣೆಯಿರುವ ರಿಕವರಿ ಕೇಂದ್ರಕ್ಕೆ ಕೊಡುವುದೇ ಸರಿ.

ಲಿನಕ್ಸಿನಲ್ಲಿಯೇ ಇರುವ ಎನ್‌ಟಿಎಫ್‌ಎಸ್-ಫಿಕ್ಸ್ ಅನ್ನು ಚೆಕ್‌ಡಿಸ್ಕಿಗೆ ಬದಲಿಯೆಂದು ಬಳಸುವುದು ಸರಿಯಲ್ಲ. ಅದು ಕೆಲವು ಸಣ್ಣ ದೋಷ ತಿದ್ದಿ, ಜರ್ನಲ್ ಖಾಲಿ ಮಾಡಿ, ಮುಂದಿನ ಸಲ ವಿಂಡೋಸೇ ತಪಾಸಣೆ ಮಾಡಲಿ ಎಂದು ಬಿಡುತ್ತದೆ. "-ಡಿ" ಹಾಕಿದರೆ ಡರ್ಟಿ ಬಿಟ್ ಅಳಿಸುತ್ತದೆ, ದೋಷ ಅಲ್ಲೇ ಇರುತ್ತದೆ.

ವಿಂಡೋಸ್ 11ರ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್ ಹಾಕಿ ಬಯಾಸ್ ಮುಟ್ಟುವ ಮೊದಲು ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಇದ್ದರೆ 48 ಅಂಕಿಗಳ ರಿಕವರಿ ಕೀ ಮೊದಲೇ ಕೈಯಲ್ಲಿರಬೇಕು. ರಿಕವರಿ ಪರದೆಯ ಕಮಾಂಡ್ ಪ್ರಾಂಪ್ಟಿನಲ್ಲಿ ಸಿ ಡ್ರೈವ್ ಎಂದು ಕಾಣುವುದು ನಿಮ್ಮ ಸಿ ಆಗಿರಲಿಕ್ಕಿಲ್ಲ. ಅಲ್ಲೇ ಡಿಸ್ಕ್‌ಪಾರ್ಟ್ ಎಂಬ ಆಜ್ಞೆಯೊಳಗೆ "ಲಿಸ್ಟ್ ವಾಲ್ಯೂಮ್" ಕೊಟ್ಟು ಗಾತ್ರ ನೋಡಿ ಗುರುತಿಸಿ.

ಈಗ ಸಿ7. ಉಳಿದ ಮೂರೂ ಸೊನ್ನೆಯಿದ್ದು ಇದೊಂದೇ ಏರುತ್ತಿದ್ದರೆ ಚೆಕ್‌ಡಿಸ್ಕ್, ಫಾರ್ಮ್ಯಾಟ್, ಹೊಸ ವಿಂಡೋಸ್ ಯಾವುದೂ ಕೆಲಸಕ್ಕೆ ಬಾರದು. ತಪ್ಪು ಸಾಟಾ ಕೇಬಲಿನದ್ದು ಅಥವಾ ಅದರ ಕನೆಕ್ಟರಿನದ್ದು. ಕರಾವಳಿಯ ಉಪ್ಪುಗಾಳಿಗೆ, ಮಳೆಗಾಲದ ಥಂಡಿಗೆ ಕಿಟಕಿ ಪಕ್ಕದ ಸಿಪಿಯುಗಳಲ್ಲಿ ಸಂಪರ್ಕದ ಜಾಗ ಕಿಲುಬು ಹಿಡಿಯುತ್ತದೆ. ಕರೆಂಟ್ ಪೂರ್ತಿ ತೆಗೆದು, ಲಾಕ್ ಕ್ಲಿಪ್ ಇರುವ ಹೊಸ ಕೇಬಲನ್ನು ಮದರ್‌ಬೋರ್ಡಿನ ಬೇರೆ ಪೋರ್ಟಿಗೆ ಹಾಕಿ. ಡಿಸ್ಕಿನ ಕನೆಕ್ಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿದ ಮೇಲೆ ಜೋಡಿಸಿ. ಸಿ7 ಮತ್ತೆ ಇಳಿಯುವ ಅಂಕಿಯಲ್ಲ, ಹಳೆಯ ಲೆಕ್ಕ ಹಾಗೇ ಇರುತ್ತದೆ. ಒಂದು ವಾರ ಅಷ್ಟಕ್ಕೇ ನಿಂತಿದ್ದರೆ ವಾಸಿಯಾಯಿತೆಂದೇ ತಿಳಿಯಿರಿ. ಎಲ್ಲ ದಾರಿಗಳಲ್ಲಿ ಅತಿ ಅಗ್ಗದ್ದು ಇದು, ಆದರೂ ಜನ ಕೊನೆಗೆ ನೋಡುವುದೂ ಇದನ್ನೇ.

ಎಸ್‌ಎಸ್‌ಡಿಗೆ "/ಆರ್" ಹೆಚ್ಚೇನೂ ಹೇಳುವುದಿಲ್ಲ. ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಯಲ್ಲಿ ಸಿ5 ಎಂಬ ಸಾಲೇ ಇರುವುದಿಲ್ಲ. "ಮೀಡಿಯಾ ಆಂಡ್ ಡೇಟಾ ಇಂಟೆಗ್ರಿಟಿ ಎರರ್ಸ್" ಸೊನ್ನೆಯಲ್ಲದಿದ್ದರೆ ಅಂದೇ ನಕಲು ತೆಗೆಯಿರಿ. ಎಸ್‌ಎಸ್‌ಡಿ ಸದ್ದು ಮಾಡಿ ಮುನ್ಸೂಚನೆ ಕೊಡುವುದಿಲ್ಲ.

ಹಳೆಯ ಹಾರ್ಡ್‌ಡಿಸ್ಕನ್ನು ಎಸೆಯುವ ಮೊದಲು ಇನ್ನೊಂದು ಪರೀಕ್ಷೆ ಬಾಕಿಯಿದೆ. ಬರೆಯುತ್ತಿರುವಾಗ ಕರೆಂಟ್ ಹೋಗಿ ಹುಟ್ಟಿದ ಸಿ5 ಹಲವು ಸಲ ನಿಜವಾದ ಗಾಯವಲ್ಲ. ನಕಲು ಭದ್ರವಾದ ಮೇಲೆ ಹಳೆಯದಕ್ಕೆ ಕ್ವಿಕ್ ಅಲ್ಲದ ಪೂರ್ತಿ ಫಾರ್ಮ್ಯಾಟ್ ಕೊಡಿ. ಅದು ಉದ್ದಕ್ಕೂ ಸೊನ್ನೆ ಬರೆಯುತ್ತದೆ. ಸಿ5 ಸೊನ್ನೆಗೆ ಬಂದು 05 ಏರದಿದ್ದರೆ ಡಿಸ್ಕನ್ನು ಎರಡನೇ ನಕಲಿಗೆ ಬಳಸಬಹುದು. 05 ಏರಿದರೆ ಅದಕ್ಕೆ ಕೆಲಸ ಮುಗಿಯಿತು.

ಡಿಸ್ಕಿನ ಅಂಕಿಗಳೆಲ್ಲ ಶುದ್ಧವಿದ್ದೂ ಕರೆಂಟ್ ಹೋಗಿಬಂದಾಗಲೆಲ್ಲ ತಪಾಸಣೆ ಪರದೆ ಬರುತ್ತಿದ್ದರೆ ಇನ್ವರ್ಟರಿನ ಸ್ವಿಚ್ ನೋಡಿ. ಬಹಳಷ್ಟು ಮನೆ ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂದು ಎರಡಿರುತ್ತವೆ. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗಲು ಹಿಡಿಯುವ ಹೊತ್ತು ಫ್ಯಾನು, ದೀಪಕ್ಕೆ ಸಾಕು. ಡೆಸ್ಕ್‌ಟಾಪ್ ಅಷ್ಟರಲ್ಲಿ ಆರಿ ಮತ್ತೆ ಹೊತ್ತಿರುತ್ತದೆ. ಸ್ವಿಚ್ ಯುಪಿಎಸ್ ಕಡೆಗಿರಲಿ. ಬರೀ 600 ವಿಎ ಯುಪಿಎಸ್ ನಂಬಿಕೊಂಡು "/ಆರ್" ಅಥವಾ ಡಿಡಿ-ರೆಸ್ಕ್ಯೂ ಶುರುಮಾಡಬೇಡಿ. ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಹೊಸದಿದ್ದರೂ ಡೆಸ್ಕ್‌ಟಾಪನ್ನು ಹತ್ತು-ಹದಿನೈದು ನಿಮಿಷ ಹಿಡಿದೀತು, ಫೈಲ್ ಉಳಿಸಿ ಶಟ್‌ಡೌನ್ ಮಾಡುವಷ್ಟು.